ಯುದ್ಧದ ಕಥೆಯಲ್ಲಿ ನಿಯತ್ತು ಯಾರದ್ದು?

ಯುದ್ಧದ ಕಥೆಲಿ ಒಂದು ನಾಯಿನೋ ಕುದುರೆನೋ ಬಂತು ಅಂದ್ರೆ ಅದು ಯಜಮಾನನಿಗೋಸ್ಕರ ಪ್ರಾಣ ಬಿಡತ್ತೆ ಅನ್ನೋದು ಮುಕ್ಕಾಲುವಾಸಿ ಮೊದ್ಲೇ ಗೊತ್ತಾಗ್ಬಿಡತ್ತೆ, ಆದ್ರೂ ಅಳ್ತೀವಿ, ಎಂಥಾ ನಿಯತ್ತು ಅಂತೀವಿ. ನನಗೆ ಈಗೀಗ ಇಂಥ ಕಥೆ ಓದ್ವಾಗ ತಲೇಲಿ ಓಡೋದು ಒಂದೇ ಪ್ರಶ್ನೆ, ಪ್ರಾಣಿ ನಿಯತ್ತು ತೋರಿಸ್ತು ಸರಿ, ಮನುಷ್ಯ ತಿರುಗಿ ಏನ್ ಮಾಡ್ದ? ಲಂಡನ್ನಿನ ಹೈಡ್ ಪಾರ್ಕ್ ಪಕ್ಕ ಯುದ್ಧದಲ್ಲಿ ದುಡಿದು ಸತ್ತ ಪ್ರಾಣಿಗಳಿಗೆ ಅಂತಾನೇ 2004ರಲ್ಲಿ ಒಂದು ಸ್ಮಾರಕ ಮಾಡಿದಾರೆ, ಅದರ ಮೇಲಿರೋ ಒಂದು ಸಾಲಿನ ಅರ್ಥ ಅವುಗಳಿಗೆ ಬೇರೆ ದಾರಿ ಇರ್ಲಿಲ್ಲ ಅಂತ. ಸೈನಿಕನಿಗಾದ್ರೂ ಯಾಕೆ ಹೋಗ್ತಿದೀನಿ ಅನ್ನೋದು ಅಷ್ಟೋ ಇಷ್ಟೋ ಗೊತ್ತಿರತ್ತೆ.

ಇಂಗ್ಲಿಷ್ ಲೇಖಕ ಮೈಕೆಲ್ ಮಾರ್ಪರ್ಗೊ 1982ರಲ್ಲಿ ಬರೆದ ವಾರ್ ಹಾರ್ಸ್ ಅನ್ನೋ ಕಾದಂಬರಿ ನನಗೆ ಇಷ್ಟ ಆಗಿದ್ದು ಅದಕ್ಕೇ. ಜೋಯಿ ಅನ್ನೋ ಕುದುರೇನೇ ಕಥೆ ಹೇಳೋದು. ಆಲ್ಬರ್ಟ್ ಅನ್ನೋ ಹುಡುಗ ಸಾಕಿದ ಕುದುರೇನ ಅವನಪ್ಪ 1914ರಲ್ಲಿ, ಮೊದಲ ಮಹಾಯುದ್ಧ ಶುರುವಾದಾಗ, ಸೈನ್ಯಕ್ಕೆ ಮಾರ್ಬಿಡ್ತಾನೆ, ಅದು ಮೊದ್ಲು ಬ್ರಿಟಿಷರ ಅಶ್ವದಳದಲ್ಲಿ ಓಡತ್ತೆ, ಆಮೇಲೆ ಜರ್ಮನರ ಕೈಗೆ ಸಿಕ್ಕಿ ಗಾಯಾಳುಗಳ ಗಾಡಿ ಎಳೆಯತ್ತೆ, ಫಿರಂಗಿನೂ ಎಳೆಯತ್ತೆ. ಅದಕ್ಕೆ ಶತ್ರು ಅಂತ ಯಾವ ದೇಶನೂ ಇಲ್ಲ, ಪ್ರೀತಿಯಿಂದ ಮೈ ತಿಕ್ಕಿದವನು ಯಾವ ಕಡೆಯವನಾದ್ರೂ ನಮ್ಮೋನೇ.

ಈ ಪುಸ್ತಕ ಅಂದ್ರೆ ಎಲ್ರೂ ಹೇಳೋದು ಎರಡೂ ಕಡೆ ಸೈನಿಕರು ಕುದುರೆ ಯಾರಿಗೆ ಅಂತ ನಾಣ್ಯ ಚಿಮ್ಮೋ ಸೀನು, ಚೆನ್ನಾಗೇ ಇದೆ, ಆದ್ರೆ ನನ್ನನ್ನ ಹಿಡಿದು ನಿಲ್ಸೋದು ಅದರ ನಂತರದ್ದು. ಬ್ರಿಟಿಷರ ಕಡೆ ವಾಪಸ್ ಬಂದ ಜೋಯಿಗೆ ಧನುರ್ವಾಯು ಆಗತ್ತೆ, ಮೈಯೆಲ್ಲ ಸೆಟೆದುಕೊಂಡು ದವಡೆ ಕಚ್ಕೊಂಡುಬಿಡತ್ತೆ, ಸಣ್ಣ ಸದ್ದಾದ್ರೂ ಕಷ್ಟ, ಹಾಗಾಗಿ ಲಾಯ ಕತ್ತಲು ಮಾಡಿ, ಬೀಳದ ಹಾಗೆ ಪಟ್ಟಿ ಕಟ್ಟಿ ನಿಲ್ಸಿ, ಅಷ್ಟರಲ್ಲಿ ಸೈನ್ಯದ ಪಶುವೈದ್ಯ ದಳ ಸೇರಿದ್ದ ಆಲ್ಬರ್ಟ್ ಮತ್ತೆ ಅವನ ಜೊತೆಯವರು ಹಗಲೂ ರಾತ್ರಿ ನೋಡ್ಕೋತಾರೆ. ಹೊರಗೆ ಅಷ್ಟು ಜನ ಸಾಯ್ತಿರ್ವಾಗ ಒಂದು ಕುದುರೆಗೆ ಇಷ್ಟಾ ಅಂತ ಯಾರಾದ್ರೂ ಕೇಳ್ಬಹುದು, ನಾನಂತೂ ಕೇಳಲ್ಲ. ಯುದ್ಧ ಮುಗಿದ ಮೇಲೆ ಇನ್ನೂ ಹೊಟ್ಟೆ ಉರಿಯೋ ವಿಷಯ, ಅಷ್ಟು ದುಡಿಸಿಕೊಂಡ ಸೈನ್ಯ ಕುದುರೆಗಳನ್ನ ಊರಿಗೆ ಕರ್ಕೊಂಡೋಗೋ ಬದ್ಲು ಹರಾಜು ಹಾಕತ್ತೆ, ಕೊಳ್ಳೋಕೆ ಕಟುಕರು ಬಂದು ನಿಂತಿರ್ತಾರೆ. ಇದು ಕಟ್ಟುಕಥೆ ಅಲ್ಲ, ಮೊದಲ ಮಹಾಯುದ್ಧ ಮುಗಿದಾಗ ನಿಜವಾಗ್ಲೂ ಹೀಗೇ ನಡೀತು.

ಮಹಾಭಾರತದ ದ್ರೋಣಪರ್ವದಲ್ಲೂ ಇಂಥದ್ದೇ ಒಂದು ಜಾಗ ಇದೆ, ಯಾಕೋ ಅದನ್ನ ಯಾರೂ ಅಷ್ಟಾಗಿ ಹೇಳಲ್ಲ. 14ನೇ ದಿನ, ಸೂರ್ಯ ಮುಳುಗೋದ್ರೊಳಗೆ ಜಯದ್ರಥನ್ನ ಕೊಲ್ಲಬೇಕು, ಒಂದೊಂದು ಗಳಿಗೆನೂ ಮುಖ್ಯ, ಅಂಥದ್ರಲ್ಲಿ ಕುದುರೆಗಳು ಸುಸ್ತಾಗಿವೆ ಅಂತ ರಥ ನಿಲ್ಸಿಬಿಡ್ತಾರೆ. ಅರ್ಜುನ ನೆಲಕ್ಕಿಳಿದು ಬಾಣ ಬಿಟ್ಟು ನೀರು ಚಿಮ್ಮಿಸಿ ಕೊಳ ಮಾಡ್ತಾನೆ, ನಿಂತ್ಕೊಂಡೇ ಇಡೀ ಸೈನ್ಯನ ತಡೀತಾನೆ, ಕೃಷ್ಣ ಕುದುರೆ ಬಿಚ್ಚಿ ಮೈಗೆ ಚುಚ್ಚಿರೋ ಬಾಣಗಳನ್ನ ತನ್ನ ಕೈಯಾರೆ ಕಿತ್ತು, ಮೈ ತಿಕ್ಕಿ ತೊಳೆದು, ನೀರು ಕುಡಿಸ್ತಾನೆ. ಗೀತೆ ಹೇಳಿದ ಕೃಷ್ಣನಿಗಿಂತ ಈ ಕೃಷ್ಣ ನನಗೆ ಹೆಚ್ಚು ಹತ್ತಿರ. ರಥ ಓಡ್ಬೇಕಿತ್ತು ಅದಕ್ಕೆ ಮಾಡ್ದ ಅನ್ನೋರೂ ಇರ್ತಾರೆ, ಇರ್ಲಿ, ಬರೀ ರಥ ಓಡಿಸೋಕಾದ್ರೆ ಇನ್ನೊಂದು ಜೊತೆ ಕುದುರೆ ಕಟ್ಟಿದ್ರೆ ಆಗ್ತಿತ್ತಲ್ವಾ.

ಆದ್ರೆ ಅದೇ ಮಹಾಭಾರತದಲ್ಲಿ ಯುದ್ಧ ಮುಗಿದ ದಿನ ಕೃಷ್ಣ ಅರ್ಜುನನ್ನ ಮೊದ್ಲು ಇಳಿಸಿ ಆಮೇಲೆ ತಾನು ಇಳೀತಾನೆ, ಇಳಿದ ತಕ್ಷಣ ರಥ ಕುದುರೆಗಳ ಸಮೇತ ಉರಿದು ಬೂದಿಯಾಗತ್ತೆ. ಅರ್ಜುನ ರಥ ಯಾಕೆ ಉರೀತು ಅಂತ ಕೇಳ್ತಾನೆ. ದ್ರೋಣ ಕರ್ಣರ ಅಸ್ತ್ರಕ್ಕೆ ಅದು ಆಗಲೇ ಸುಟ್ಟುಹೋಗಿತ್ತು, ನಾನು ಕೂತಿದ್ದಕ್ಕೆ ಉಳಿದಿತ್ತು ಅಂತಾನೆ ಕೃಷ್ಣ. 18 ದಿನ ಹೊತ್ತು ತಿರುಗಿದ ಕುದುರೆಗಳ ಬಗ್ಗೆ ಅರ್ಜುನ ಏನೂ ಕೇಳಲ್ಲ, ಕೇಳ್ಬೇಕಿತ್ತು ಅಂತ ನನಗೆ ಅವನ ಮೇಲೆ ಈಗ್ಲೂ ಸಿಟ್ಟಿದೆ.