ಅದರ ಹತ್ರ ಒಂದು ಮಾತು ಕೇಳು

ನಮ್ಮ ಕಾಸರಗೋಡು ಕಡೆಯ ತೋಟದ ಮನೆಗಳಲ್ಲಿ ಈಗ ಉಳಿದಿರುವುದು ಒಂದು ಮುದಿ ಜೀವ, ಹೆಚ್ಚೆಂದರೆ ಎರಡು, ಜೊತೆಗೊಂದು ನಾಯಿ. ಮಕ್ಕಳು ಬೆಂಗಳೂರು, ಮಂಗಳೂರು, ದುಬೈ ಅಂತ ಹಂಚಿಹೋಗಿದ್ದಾರೆ. ಬದಿಯಡ್ಕದಿಂದ ಮುಳ್ಳೇರಿಯಕ್ಕೆ ಹೋಗುವ ದಾರಿಯಲ್ಲಿ ಯಾವ ಗೇಟು ಬೇಕಾದರೂ ತಟ್ಟಿ ನೋಡಿ, ಮೊದಲು ಬರುವುದು ನಾಯಿ. ಸುಮಾರು ಹೊತ್ತಾದ ಮೇಲೆ ಒಳಗಿನಿಂದ ಚಪ್ಪಲಿ ಎಳೆಯುವ ಸದ್ದು.

ನಮ್ಮ ಮಾಷ್ಟ್ರ ಮನೆಯೂ ಅಂಥದ್ದೇ. ನನಗೆ ಶಾಲೆಯಲ್ಲಿ ಕನ್ನಡ ಕಲಿಸಿದವರು, ಈಗ ನೆರೆಮನೆಯವರು. ಅವರ ಹೆಂಡತಿ ಟೀಚರಕ್ಕ ತೀರಿಹೋದ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಅವರು ಮತ್ತು ಬೊಳ್ಳು ಮಾತ್ರ. ಬೊಳ್ಳು ಊರ ನಾಯಿ. ಮರಿ ಇರುವಾಗ ಬೆಳ್ಳಗಿತ್ತು, ಈಗ ತೋಟದ ಮಣ್ಣಿನ ಬಣ್ಣ. ವಯಸ್ಸು ಹತ್ತು ದಾಟಿದೆ. ಒಂದು ಕಿವಿಯ ತುದಿ ಹರಿದಿದೆ, ಕಣ್ಣು ಸ್ವಲ್ಪ ಮಂಜಾಗಿದೆ. ಮಾಷ್ಟ್ರಿಗೂ ಕಣ್ಣಿನ ಪೊರೆ. ಈ ವಾರದ ಗಲಾಟೆ ಶುರುವಾದದ್ದೇ ಅದರಿಂದ.

ಭಾನುವಾರ ಅವರ ಮಗ ಬೆಂಗಳೂರಿನಿಂದ ಹೆಂಡತಿ ಮಗು ಸಮೇತ ಬಂದಿದ್ದ. "ಅಕ್ಕ, ನೀವೊಮ್ಮೆ ಇಲ್ಲಿ ಬನ್ನಿ. ನಿಮ್ಮ ಮಾತಾದರೆ ಅಪ್ಪ ಕೇಳ್ತಾರೆ" ಅಂತ ಫೋನು ಮಾಡಿದ. ಹೀಗೆ ಯಾರಾದರೂ ಕರೆದರೆ ಅವರ ಮಾತು ಆಗಲೇ ನಡೆದಿಲ್ಲ ಅಂತ ಅರ್ಥ. ಆದರೂ ಹೋದೆ.

ಜಗಲಿಯಲ್ಲಿ ಚಾ ಇಟ್ಟುಕೊಂಡು ಕೂತಿದ್ದರು. ಮಗ ಒಂದೊಂದಾಗಿ ಹೇಳುತ್ತಾ ಹೋದ. ಆಪರೇಷನ್ ಅಲ್ಲೇ ಮಾಡಿಸುವ, ಆಸ್ಪತ್ರೆ ಮನೆಗೆ ಹತ್ತಿರ. ಬೇರೆ ರೂಮು ಉಂಟು, ಕೆಳಗೆ ನಡೆದಾಡಲು ಜಾಗ ಉಂಟು. ಇಲ್ಲಿ ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದರೆ ಯಾರಿಗೆ ಗೊತ್ತಾಗುವುದು? ಸಾಲದ್ದಕ್ಕೆ ಚಿರತೆ ಬೇರೆ. "ಬೊಳ್ಳುವಿಗೂ ವ್ಯವಸ್ಥೆ ಆಗಿದೆ ಅಪ್ಪ. ಪೆರ್ಲದ ಹತ್ತಿರ ನನ್ನ ಫ್ರೆಂಡಿನ ತೋಟ ಉಂಟಲ್ಲ, ಅವರಿಗೊಂದು ನಾಯಿ ಬೇಕಂತೆ. ಒಳ್ಳೆ ಜನ."

ಹುಡುಗ ಒಳ್ಳೆಯವನೇ. ಇಲ್ಲ ಅನ್ನಲಾರೆ. ದಿನಾ ರಾತ್ರಿ ಫೋನು ಮಾಡುತ್ತಾನೆ, ಕೇಳದೆಯೇ ದುಡ್ಡು ಹಾಕುತ್ತಾನೆ. ಆದರೆ ಮಾತಾಡುವಾಗ ಆಫೀಸಿನ ಮೀಟಿಂಗಿನಲ್ಲಿ ಕೂತವನ ಧಾಟಿ. ಎದುರಿನವರು ಕಷ್ಟ ಏನು ಅಂತ ಹೇಳುವ ಮೊದಲೇ ಅವನ ಹತ್ತಿರ ಪರಿಹಾರ ಇರುತ್ತದೆ. ಅವನ ಹೆಂಡತಿ ಏನೂ ಹೇಳದೆ ಮಗುವಿಗೆ ಕದಳಿ ಬಾಳೆಹಣ್ಣು ಸುಲಿದು ಕೊಡುತ್ತಿದ್ದಳು. ಸುಮ್ಮನಿರುವವರ ಮೇಲೆ ನನಗೆ ಯಾವಾಗಲೂ ಸ್ವಲ್ಪ ನಂಬಿಕೆ ಜಾಸ್ತಿ.

ಮಾಷ್ಟ್ರು ಎಲ್ಲ ಕೇಳಿದರು. ಮಧ್ಯೆ ಒಂದು ಮಾತಾಡಲಿಲ್ಲ. ಲೋಟ ಕೆಳಗಿಟ್ಟು ಪಂಚೆಯ ತುದಿಯಿಂದ ಬಾಯಿ ಒರೆಸಿಕೊಂಡರು.

"ನನ್ನದೇನೂ ಇಲ್ಲ ಮಗ. ಬರುವ. ಅದರ ಹತ್ರ ಒಂದು ಮಾತು ಕೇಳು."

ಮಗ ತಿರುಗಿ ಬೊಳ್ಳುವನ್ನು ನೋಡಿದ. ಅದು ಮೆಟ್ಟಿಲ ಮೇಲೆ ಗೋಣಿಯಲ್ಲಿ ಮಲಗಿತ್ತು. ತನ್ನ ಸುದ್ದಿ ಅಂತ ಗೊತ್ತಾಯಿತೋ ಏನೋ, ಹರಿದ ಕಿವಿಯನ್ನು ಎತ್ತಿ, ಬಾಲವನ್ನು ಒಂದು ಸಲ ನೆಲಕ್ಕೆ ಬಡಿಯಿತು. ಮಗನ ತುಟಿ ಅಲ್ಲಾಡಿತು. ಸುಳ್ಳಲ್ಲ, ನಾನು ಎದುರೇ ಕೂತಿದ್ದೆ. ದೊಡ್ಡ ಕಂಪೆನಿಯಲ್ಲಿ ಅಷ್ಟು ಜನರಿಗೆ ಕೆಲಸ ಹೇಳುವವನು ನಾಯಿಯ ಹತ್ತಿರ ಇನ್ನೇನು ಕೇಳಿಯೇ ಬಿಡುತ್ತಾನೆ ಅನ್ನಿಸಿತು. ಆಮೇಲೆ ನಾಚಿಕೆಯಾಗಿ ಮೊಬೈಲು ತೆಗೆದ.

ಯಾರೂ ನಗಲಿಲ್ಲ. ನನಗೆ ನಗು ಬಂದಿತ್ತು, ನುಂಗಿಕೊಂಡೆ.

ಅಂದಿನಿಂದ ಆ ಮಾತು ತಲೆಯಿಂದ ಹೋಗುತ್ತಿಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ, ಅದರ ಹತ್ರ ಒಂದು ಮಾತು ಕೇಳು. ಮೊದಲು ತಮಾಷೆ ಅಂದುಕೊಂಡೆ. ಕ್ಲಾಸಿನಲ್ಲೂ ಅವರು ಹಾಗೆಯೇ, ಮುಖ ಗಂಟು ಹಾಕಿಕೊಂಡೇ ನಗಿಸುವವರು. ಮರುದಿನ ಅನ್ನಿಸಿತು, ಇದು ಹಟ. ಬರುವುದಿಲ್ಲ ಅನ್ನಲು ನಾಯಿಯನ್ನು ಮುಂದೆ ಮಾಡಿದ್ದಾರೆ. ನಮ್ಮ ಮನೆಯವರ ತೀರ್ಪೂ ಅದೇ: "ನಾಯಿಗೆಂಥ ಮಾರಾಯ್ತಿ, ಅನ್ನ ಹಾಕಿದವರ ಮನೆ ಅದರ ಮನೆ. ಮಾಷ್ಟ್ರು ನಾಟಕ ಮಾಡುವುದು."

ನಾಟಕ ಅಲ್ಲ. ಅದು ನನಗೆ ಹೊಳೆದದ್ದು ಅವರ ರಾತ್ರಿಯ ಫೋನಿನ ಮಾತು ನೆನಪಾದಾಗ. ಮಾಷ್ಟ್ರಿಗೆ ಸ್ವಲ್ಪ ಕಿವಿ ಮಂದ, ಹಾಗಾಗಿ ಸ್ಪೀಕರ್ ಹಾಕಿ ಗಟ್ಟಿಯಾಗಿ ಮಾತಾಡುತ್ತಾರೆ. ನಮ್ಮ ಅಂಗಳಕ್ಕೆ ಎಲ್ಲ ಕೇಳುತ್ತದೆ. ಮಗ ಕೇಳುತ್ತಾನೆ, "ಹೇಗಿದ್ದೀರಿ ಅಪ್ಪ?" ಇವರು, "ನನಗೆಂಥ, ಆರಾಮ. ಬೊಳ್ಳುವಿಗೆ ಸ್ವಲ್ಪ ಕೆಮ್ಮು." ಬೊಳ್ಳುವಿಗೆ ಕೆಮ್ಮು ಇರಲಿಲ್ಲ. ಆ ವಾರವಿಡೀ ಕೆಮ್ಮಿದ್ದು ಮಾಷ್ಟ್ರು. "ಬೊಳ್ಳು ರಾತ್ರಿ ಸರಿ ಊಟ ಮಾಡುವುದಿಲ್ಲ ಈಗ." "ಬೊಳ್ಳುವಿಗೆ ಗುಡುಗು ಅಂದರೆ ಆಗುವುದಿಲ್ಲ." ಟೀಚರಕ್ಕನ ವರ್ಷಾಂತಿಕ ಹತ್ತಿರ ಬಂದಾಗ ಒಂದು ದಿನ, "ಬೊಳ್ಳು ಒಳಕೋಣೆಯ ಬಾಗಿಲ ಹತ್ತಿರವೇ ಮಲಗುತ್ತದೆ ಮಗ, ಎದ್ದು ಬರುವುದೇ ಇಲ್ಲ." ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮಗ, "ಅದಕ್ಕೆ ಹಾಲು ಹಾಕಿ ಅಪ್ಪ. ನೀವೂ ಕುಡಿಯಿರಿ."

ಅಂದರೆ ಆ ಹುಡುಗನಿಗೂ ಗೊತ್ತು ಅಲ್ವಾ? ಅದಕ್ಕೇ ಇರಬೇಕು ಭಾನುವಾರ ಅವನ ತುಟಿ ಅಲ್ಲಾಡಿದ್ದು.

ನಮ್ಮ ಊರಿನ ಗಂಡಸರಿಗೆ ಇದು ಕಷ್ಟ. ಬೇಜಾರಾಗಿದೆ, ಹೆದರಿಕೆಯಾಗುತ್ತದೆ, ನಿನ್ನನ್ನು ನೋಡಬೇಕು ಅನ್ನಿಸುತ್ತದೆ, ಇವೆಲ್ಲ ಬಾಯಿಗೆ ಬರುವ ಮಾತುಗಳಲ್ಲ. ಪ್ರಾಣಿಯ ನೆಪ ಸಿಕ್ಕಿದರೆ ಮಾತ್ರ ಬರುತ್ತವೆ. 2022ರ ಅಕ್ಟೋಬರಿನಲ್ಲಿ ಅನಂತಪುರ ಕೆರೆಯ ಬಬಿಯಾ ಸತ್ತಾಗ ಜನ ಸಾಲುಗಟ್ಟಿ ನೋಡಲು ಬಂದರು. ದೇವಸ್ಥಾನದ ನೈವೇದ್ಯ ತಿಂದು ಬದುಕಿದ್ದ ಮೊಸಳೆ. ಸ್ವಂತ ಅಣ್ಣ ತೀರಿಹೋದಾಗ ಪಂಚೆ ಎತ್ತಿ ಕಟ್ಟಿ ಕಟ್ಟಿಗೆಯ ಲೆಕ್ಕ ನೋಡುತ್ತಿದ್ದ ನನ್ನ ಸಂಬಂಧಿಕರೊಬ್ಬರು ಅಂದು ಮನೆಗೆ ಬಂದು ಮೊಸಳೆಗಾಗಿ ಬಿಕ್ಕಿ ಬಿಕ್ಕಿ ಅತ್ತರು. ಯಾವ ಸಾವಿನ ಅಳುವನ್ನು ಎಲ್ಲಿ ಅತ್ತರೋ, ಯಾರಿಗೆ ಗೊತ್ತು.

ಹೆಂಗಸರೂ ಕಡಿಮೆಯೇನಲ್ಲ. ಅಪ್ಪ ತೀರಿಕೊಂಡ ಮೇಲೆ ನನ್ನ ಅಮ್ಮ ಎಲ್ಲರೆದುರು ಗಟ್ಟಿಯಾಗಿಯೇ ಇದ್ದರು. ಬಂದವರಿಗೆ ಚಾ, ಹೋದವರಿಗೆ ಬಾಳೆಗೊನೆ. ಅಪ್ಪನ ಆರಾಮಕುರ್ಚಿಯಡಿ ಮಲಗುವ ಕಂದು ಬೆಕ್ಕೊಂದಿತ್ತು. ಸಂಜೆ ಅದು ಕುರ್ಚಿಯ ಸುತ್ತ ಸುಳಿಯುವುದು, ಮುಂಗಾಲು ಬಟ್ಟೆಯ ಮೇಲಿಟ್ಟು ಇಣುಕುವುದು, ಬಾಗಿಲ ಕಡೆ ನೋಡುವುದು. "ನೋಡು, ಬೆಕ್ಕು ಹುಡುಕ್ತಾ ಉಂಟು" ಅನ್ನುತ್ತಿದ್ದರು ಅಮ್ಮ. ನಾನು ಹುಡುಕುತ್ತಿದ್ದೇನೆ ಅಂತ ಅವರು ಕೊನೆಯವರೆಗೂ ಹೇಳಲಿಲ್ಲ.

ಹಾಗಂತ ನಾಯಿ ಬೆಕ್ಕು ಬರೀ ನೆಪ ಅಂದರೆ ಅನ್ಯಾಯವಾಗುತ್ತದೆ. ಬೊಳ್ಳು ಆ ಮನೆಯ ಕೆಲಸದಾಳು. ಮಂಗ ಬಂದರೆ ಎಳನೀರಿನ ಮರದ ಬುಡದಲ್ಲಿ ಅದೇ, ಮುಳ್ಳುಹಂದಿ ಬಂದರೆ ಬೇಲಿಯ ಹತ್ತಿರ ಅದೇ. ಕಾಡುಹಂದಿಗೆ ಗುಂಡು ಹೊಡೆಸುವ ಅಧಿಕಾರವನ್ನು ಕೇರಳ ಸರ್ಕಾರ 2022ರಲ್ಲಿ ಪಂಚಾಯತು ಅಧ್ಯಕ್ಷರಿಗೇ ಕೊಟ್ಟಿದೆ. ಕೊಟ್ಟರೇನು, ಲೈಸನ್ಸ್ ಇರುವ ಕೋವಿಯವರು ಸಿಗಬೇಕಲ್ಲ. ನಡುರಾತ್ರಿ ಬಾಳೆಯ ಬುಡ ಅಗೆಯುವ ಸದ್ದಾದಾಗ ಕೈಗೆ ಸಿಗುವುದು ನಾಯಿ ಒಂದೇ. ಬೊಳ್ಳುವಿನ ಕಿವಿ ಹರಿದದ್ದೂ ಹಂದಿಯ ಕೋರೆಯಿಂದಲೇ.

ಅಂದು ಕಿವಿಗೆ ಅರಸಿನ ಹಚ್ಚುತ್ತಾ ಮಾಷ್ಟ್ರು ನಮ್ಮ ಮಕ್ಕಳನ್ನು ಕೂರಿಸಿಕೊಂಡು ಆತಕೂರಿನ ಕಥೆ ಹೇಳಿದ್ದರು. ನನಗೆ ಏಳನೆಯ ಕ್ಲಾಸಿನಲ್ಲಿ ಹೇಳಿದ್ದೇ. ತಕ್ಕೋಲದ ಯುದ್ಧದಲ್ಲಿ ಮಣಲೇರ ಅನ್ನುವ ವೀರ ಚೆನ್ನಾಗಿ ಕಾದಿದ. ಅವನ ಒಡೆಯ, ಮೆಚ್ಚಿದ್ದೇನೆ, ಏನು ಬೇಕೋ ಬೇಡಿಕೊ ಅಂದಾಗ ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದಕ್ಕೊಂದು ಕಲ್ಲು ನಿಲ್ಲಿಸಿ ಭೂಮಿಯನ್ನೂ ದತ್ತಿ ಬಿಟ್ಟ. ಸುಮಾರು 950ರ ಸಂಗತಿ. ಮಂಡ್ಯ ಜಿಲ್ಲೆಯ ಕಲ್ಲು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯೂ ನಾಯಿಯೂ ಕಚ್ಚಾಡುವ ಚಿತ್ರ ಅದರ ಮೇಲೆಯೇ ಇದೆ. "ಬೆಂಗಳೂರಿಗೆ ಹೋದರೆ ಅದನ್ನೊಂದು ನೋಡಬೇಕು" ಅನ್ನುತ್ತಿದ್ದರು ಮಾಷ್ಟ್ರು. ಬೆಂಗಳೂರಿನಲ್ಲಿ ಅವರಿಗೆ ನೋಡಬೇಕಾದದ್ದು ಅದೊಂದೇ ಇದ್ದ ಹಾಗಿದೆ.

ಬೊಳ್ಳು ಬದುಕಿ ಉಳಿದದ್ದು ಟೀಚರಕ್ಕನಿಂದ. ಮರಿಯಾಗಿದ್ದಾಗ ಪಾರ್ವೊ ಅನ್ನುವ ನಾಯಿಮರಿಗಳ ರೋಗ ಬಂದು, ವಾಂತಿ, ರಕ್ತಭೇದಿ, ಎದ್ದು ನಿಲ್ಲುವ ಶಕ್ತಿ ಇರಲಿಲ್ಲ. ಮೃಗಾಸ್ಪತ್ರೆಗೆ ಎತ್ತಿಕೊಂಡು ಹೋಗಿ ಗ್ಲುಕೋಸು ಏರಿಸಿ ತರುತ್ತಿದ್ದರು. ಜೊತೆಗೆ ಪರಶ್ಶಿನಿಕಡವಿನ ಮುತ್ತಪ್ಪನಿಗೆ ಹರಕೆ. ನಾಯಿಯ ಹೆಸರಲ್ಲಿ ಹರಕೆ ಹೇಳಲು ಬೇರೆ ದೇವರ ಹತ್ತಿರ ನಮಗೆ ಕೊಂಚ ಸಂಕೋಚವೇ. ಮುತ್ತಪ್ಪನಿಗೆ ಹಾಗಿಲ್ಲ. ಅಲ್ಲಿ ಬಾಗಿಲಲ್ಲೇ ಎರಡು ಕಂಚಿನ ನಾಯಿಗಳು, ಪ್ರಸಾದವೂ ಮೊದಲು ನಾಯಿಗೆ. ಟೀಚರಕ್ಕ ಉಳಿಸಿ ಕೊಟ್ಟ ಜೀವವನ್ನು ಪೆರ್ಲದ ತೋಟಕ್ಕೆ ಬಿಟ್ಟು ಬಾ ಅಂದರೆ ಮಾಷ್ಟ್ರು ಹೇಗೆ ಬಿಟ್ಟಾರು? ಇದನ್ನು ಮಗನಿಗೆ ಯಾರಾದರೂ ಹೇಳಬೇಕಿತ್ತು. ನಾನೇ ಹೇಳಬಹುದಿತ್ತು ಅನ್ನಿ, ಆದರೆ ತಂದೆ ಮಗನ ಮಧ್ಯೆ ಬಾಯಿ ಹಾಕಿ ಒಳ್ಳೆಯದಾದವರನ್ನು ನಾನು ಕಂಡಿಲ್ಲ.

ಚಿರತೆಯ ಮಾತು ಮಾತ್ರ ಸುಳ್ಳಲ್ಲ. ಕಾರಡ್ಕ, ಮುಳಿಯಾರು, ಬೇಡಡ್ಕ ಕಡೆ ಕೆಲವು ವರ್ಷಗಳಿಂದ ಈ ಸುದ್ದಿ ಇದ್ದದ್ದೇ. ಚಿರತೆಗೆ ಅಂಗಳದ ನಾಯಿ ಸುಲಭದ ಊಟ. ಮಾಷ್ಟ್ರು ಈಗ ರಾತ್ರಿ ಬೊಳ್ಳುವನ್ನು ಹಟ್ಟಿಯ ಪಕ್ಕದ ಕೋಣೆಯಲ್ಲಿ ಕೂಡಿ ಬಾಗಿಲು ಹಾಕುತ್ತಾರೆ. ಅದಕ್ಕೆ ಸುತಾರಾಂ ಇಷ್ಟ ಇಲ್ಲ, ಒಳಗಿನಿಂದ ಗೀಚುತ್ತದೆ. ಇವರು ಹೊರಗೆ ನಿಂತು ತುಳುವಿನಲ್ಲಿ ಬೈಯುತ್ತಾರೆ. ಬೈಯುವುದಕ್ಕೆ ತುಳು, ಮುದ್ದಿಗೆ ಕನ್ನಡ, ಅದು ಆ ಮನೆಯ ಕ್ರಮ.

ಟೀವಿಯಲ್ಲಿ ನಾಯಿಗಳ ಚರ್ಚೆ ಬಂದಾಗಲೆಲ್ಲ ಅಬ್ಬರಿಸುವವರನ್ನು ನೋಡಿ ನನಗೆ ಬೇರೆಯೇ ಯೋಚನೆ. ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯ ಕೇಂದ್ರಗಳಲ್ಲಿ ಇಡಿ ಅಂತ ಸುಪ್ರೀಂ ಕೋರ್ಟು 2025ರ ಆಗಸ್ಟ್ 11ಕ್ಕೆ ಹೇಳಿತು. 22ಕ್ಕೆ ಅದನ್ನು ಬದಲಿಸಿ, ಹುಚ್ಚು ಹಿಡಿದವು, ಮೈಮೇಲೆ ಬೀಳುವವು ಬಿಟ್ಟು ಉಳಿದವಕ್ಕೆ ಸಂತಾನಹರಣ ಮಾಡಿ, ಚುಚ್ಚುಮದ್ದು ಕೊಟ್ಟು, ಹಿಡಿದ ಜಾಗಕ್ಕೇ ಬಿಡಿ ಅಂದಿತು. ಆಮೇಲೆ ಶಾಲೆ, ಆಸ್ಪತ್ರೆ, ಬಸ್‌ಸ್ಟ್ಯಾಂಡಿನ ನಾಯಿಗಳಿಗೆ ಬೇರೆ ಆದೇಶ ಬಂತು. ಕಚ್ಚಿಸಿಕೊಂಡವರ ಸಂಕಟ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಲೆಯಲ್ಲಿ ನಿಂತದ್ದು ಆ 'ಹಿಡಿದ ಜಾಗಕ್ಕೇ' ಅನ್ನುವುದು. ನಾಯಿಗೆ ಅದರ ಜಾಗ ಅಂತ ಒಂದಿದೆ ಅಂತ ಕೋರ್ಟಿನಲ್ಲಿ ವಾದ ನಡೆಯುತ್ತದೆ. ಎಪ್ಪತ್ತು ದಾಟಿದ ಮನುಷ್ಯನನ್ನು ಮಾತ್ರ ಒಂದು ಭಾನುವಾರದ ಚಾ ಮುಗಿಯುವುದರೊಳಗೆ ಎತ್ತಿ ಹನ್ನೊಂದನೆಯ ಮಹಡಿಗೆ ಇಡಬಹುದು ಅಂದುಕೊಳ್ಳುತ್ತೇವೆ. ಅದೂ ಪ್ರೀತಿಯಿಂದ.

ಕೊನೆಗೆ ದಾರಿ ತೋರಿಸಿದ್ದು ಸೊಸೆ. ಹೊರಡುವ ಮೊದಲು ಅಡುಗೆಮನೆಯಲ್ಲಿ ಗಂಡನಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. "ನಿಮಗೆ ಹೇಗೂ ಮನೆಯಿಂದ ಕೆಲಸ ಮಾಡಬಹುದಲ್ಲ. ಆಪರೇಷನ್ ಮಂಗಳೂರಿನಲ್ಲಿ ಮಾಡಿಸಿ ನೀವೇ ಸ್ವಲ್ಪ ದಿನ ಇಲ್ಲಿರಿ. ಕಣ್ಣಿಗೆ ಮದ್ದು ಬಿಡಲು ಯಾರಾದರೂ ಬೇಕಲ್ಲ." ಇಷ್ಟು ಸುಲಭದ ಮಾತು ನಮಗ್ಯಾರಿಗೂ ಹೊಳೆದಿರಲಿಲ್ಲ. ಈಗ ಹಾಗೆಯೇ ಅಂತಾಗಿದೆ. ಇಲ್ಲಿ ನೆಟ್ ಸರಿ ಸಿಗುವುದಿಲ್ಲ, ಆ ಹುಡುಗ ಗುಡ್ಡೆ ಹತ್ತಬೇಕಾದೀತು. ಹತ್ತಲಿ.

ಮಾಷ್ಟ್ರು ಒಪ್ಪಿದ್ದಾರೆ, ಒಂದು ಶರತ್ತಿನ ಮೇಲೆ. ಬೊಳ್ಳುವಿನ ಹುಚ್ಚುನಾಯಿ ರೋಗದ ಚುಚ್ಚುಮದ್ದಿಗೆ ಒಂದು ವರ್ಷ ತುಂಬುತ್ತಾ ಬಂದಿದೆ, ಮೊದಲು ಅದು, ಆಮೇಲೆ ಕಣ್ಣು. ಪಂಚಾಯತಿನ ಲೈಸನ್ಸಿಗೂ ಆ ಚೀಟಿ ಬೇಕು. ಪೆನ್ಶನ್ ಪುಸ್ತಕ ಇಡುವ ಪ್ಲಾಸ್ಟಿಕ್ ತೊಟ್ಟೆಯಲ್ಲೇ ಬೊಳ್ಳುವಿನ ಚೀಟಿಗಳೂ ಇವೆ, ವರ್ಷದ ಪ್ರಕಾರ ಜೋಡಿಸಿ, ದಾರ ಕಟ್ಟಿ. ತೆಗೆದು ತೋರಿಸಿದರು. ನಾಳೆ ಬೆಳಿಗ್ಗೆ ಮೃಗಾಸ್ಪತ್ರೆಗೆ ಹೋಗುವುದು, ಜೊತೆಗೆ ನಾನೂ. ಆಟೋ ಹೇಳಿಯಾಗಿದೆ. ನಾಯಿ ಇದ್ದರೆ ಐವತ್ತು ರೂಪಾಯಿ ಜಾಸ್ತಿ ಅಂದಿದ್ದಾನೆ ಆಟೋದವ. ಮಗನಿಗೆ ಮೆಸೇಜು ಹಾಕಿದ್ದೇನೆ, ಅವನು ಕೊಡಲಿ.