ವಾಚ್ ಕಟ್ಟಿದ ಮಾತ್ರಕ್ಕೆ ಅಜ್ಜಿ ಬೀಳುವುದು ನಿಲ್ಲದು

ಹಿರಿಯರ ಮನೆಗೇ ಹೋಗಿ ಫಿಸಿಯೋಥೆರಪಿ ಕೊಡುವವರಿಗೆ ಈಗ ಪದೇ ಪದೇ ಎದುರಾಗುವ ಪ್ರಶ್ನೆ: "ಅಮ್ಮನಿಗೆ ಯಾವ ವಾಚ್ ಕೊಡಿಸಲಿ?" ಕೇಳುವವರಲ್ಲಿ ದೂರದೂರಿನಲ್ಲಿರುವ ಮಕ್ಕಳೇ ಹೆಚ್ಚು. ಬಿದ್ದದ್ದನ್ನು ಗುರುತಿಸಿ ತಿಳಿಸುವ ಸ್ಮಾರ್ಟ್‌ವಾಚ್ ಅವರ ಮನಸ್ಸಿನಲ್ಲಿರುತ್ತದೆ. ಆದರೆ ಆ ವಾಚ್ ಎಚ್ಚರಿಸುವುದು ಬಿದ್ದ ಮೇಲೆ. 2018ರಲ್ಲಿ ಆ್ಯಪಲ್ ವಾಚ್ ಸೀರೀಸ್ 4ರೊಂದಿಗೆ ಬಂದ ಸೌಲಭ್ಯವೂ ಅಷ್ಟೇ: ಜೋರಾಗಿ ಬಿದ್ದದ್ದು ಗೊತ್ತಾದರೆ ಅಲಾರಂ ಹೊಡೆಯುತ್ತದೆ, ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ತಾನೇ ತುರ್ತು ಸೇವೆಗೆ ಕರೆ ಮಾಡಲು ಮುಂದಾಗುತ್ತದೆ. ನೆಲದ ಮೇಲೆ ಗಂಟೆಗಟ್ಟಲೆ ಬಿದ್ದಿರುವುದು ತಪ್ಪುತ್ತದೆ, ಸಣ್ಣ ಮಾತಲ್ಲ. ಸೊಂಟದ ಮೂಳೆ ಮಾತ್ರ ಅಷ್ಟರಲ್ಲಿ ಮುರಿದಿರಬಹುದು.

ಬೀಳುವ ಮೊದಲೇ ತಡೆಯಬೇಕೆಂದರೆ ವಾಚ್ ಕೊಳ್ಳುವ ಮುಂಚೆ ಒಂದು ಅಳತೆ ಕೈಯಲ್ಲಿರಬೇಕು. ಕೈಹಿಡಿ ಇರುವ ಕುರ್ಚಿಯಿಂದ 3 ಮೀಟರ್ ದೂರಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ. ದಿನಾ ಹಾಕುವ ಚಪ್ಪಲಿ, ದಿನಾ ಹಿಡಿಯುವ ಊರುಗೋಲಿನೊಂದಿಗೇ ಎದ್ದು, ಮಾಮೂಲಿ ವೇಗದಲ್ಲಿ ನಡೆದು, ತಿರುಗಿ ಬಂದು ಕೂರಲಿ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ. ಎದ್ದು ನಿಂತಾಗ ಬಿಪಿ ಇಳಿದರೂ ತಲೆ ಸುತ್ತಿ ಬೀಳಬಹುದು. ಹಾಗಾಗಿ ಬಿಪಿಯನ್ನು 5 ನಿಮಿಷ ಮಲಗಿಸಿ ಒಮ್ಮೆ, ನಿಂತ 1 ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ತಿಳಿಸಿ. ಇದಕ್ಕೆ ತೋಳಿಗೆ ಪಟ್ಟಿ ಸುತ್ತುವ ಯಂತ್ರವೇ ಬೇಕು, ವಾಚ್ ಸಾಲದು.

ವಾಚ್ ಸೆಟ್ ಮಾಡುವಾಗ ಆಗುವ ದೊಡ್ಡ ಎಡವಟ್ಟು, ಮಗ ತನ್ನದೇ ಹುಟ್ಟಿದ ದಿನಾಂಕ ಹಾಕಿಬಿಡುವುದು. ಆ್ಯಪಲ್ ವಾಚಿನಲ್ಲಿ 55 ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನವರಿಗಷ್ಟೇ ಬಿದ್ದದ್ದು ಗುರುತಿಸುವ ಸೌಲಭ್ಯ ತಾನಾಗಿ ಆನ್ ಆಗುತ್ತದೆ. ಎರಡನೆಯದು ಚಾರ್ಜಿಂಗ್. ಎಲ್ಲರೂ ರಾತ್ರಿ ಕಳಚಿ ಚಾರ್ಜಿಗಿಡುತ್ತಾರೆ. ನಿದ್ದೆಗಣ್ಣಲ್ಲಿ, ಕತ್ತಲಲ್ಲಿ ಹೊಸ್ತಿಲು ದಾಟಿ ಬಚ್ಚಲಿಗೆ ಹೋಗುವುದು ಆಗಲೇ. ಸ್ನಾನದ ಹೊತ್ತೂ ಬೇಡ, ಅಲ್ಲಿ ನೆಲ ಒದ್ದೆ. ಸಂಜೆ ಧಾರಾವಾಹಿ ನೋಡುತ್ತಾ ಕೂತಿರುವಾಗ, ಪಕ್ಕದಲ್ಲಿ ಯಾರಾದರೂ ಇದ್ದಾಗ ಚಾರ್ಜ್ ಮಾಡಿ. ಬಳೆಯಿರುವ ಕೈ ಬಿಟ್ಟು ಇನ್ನೊಂದಕ್ಕೆ ಕಟ್ಟಿ. ಸಿಮ್ ಸೌಲಭ್ಯವಿಲ್ಲದ ವಾಚಾದರೆ ಫೋನ್ ನಡುಮನೆಯಲ್ಲಿರಲಿ. ಎರಡು ಗೋಡೆ ಅಡ್ಡವಾದರೆ ಬ್ಲೂಟೂತ್ ತಪ್ಪಿಹೋಗಬಹುದು.

ವಾಕರ್ ಹಿಡಿದವರ ಹೆಜ್ಜೆ ಲೆಕ್ಕ ನಂಬಬೇಡಿ. ಕೈ ಬೀಸದಿದ್ದರೆ ಮಣಿಕಟ್ಟಿನ ವಾಚ್ ಹೆಜ್ಜೆಗಳನ್ನು ಬಿಟ್ಟುಬಿಡುತ್ತದೆ. 50 ಹೆಜ್ಜೆ ನೀವೇ ಎಣಿಸಿ ಹೋಲಿಸಿ. ತೀರಾ ಕಡಿಮೆ ಬಂದರೆ ಹೆಜ್ಜೆಗೆಂದೇ ಅಗ್ಗದ ಬ್ಯಾಂಡೊಂದನ್ನು ಕಾಲಿನ ಗಿಣ್ಣಿಗೆ ಕಟ್ಟಿ. ಬಿದ್ದದ್ದು ತಿಳಿಸುವ ವಾಚ್ ಕೈಯಲ್ಲೇ ಇರಲಿ. ಐಫೋನಿನಲ್ಲಿ ನಡಿಗೆಯ ಸ್ಥಿರತೆ ಅಳೆಯುವ ವ್ಯವಸ್ಥೆ ಐಒಎಸ್ 15 ತಂತ್ರಾಂಶದಿಂದ ಈಚೆಗೆ ಇದೆ, ಆದರೆ ಫೋನ್ ಸೊಂಟದ ಹತ್ತಿರವಿರಬೇಕು. ಸೀರೆಗೆ, ಪಂಚೆಗೆ ಜೇಬೆಲ್ಲಿ? ಜೋಲಾಡದ ಹಾಗೆ ಬಿಗಿಯಾದ ಸೊಂಟದ ಚೀಲ ಕೊಡಿ.

ತೆಂಗಿನಕಾಯಿ ಒಡೆದಾಗ, ಭಜನೆಯಲ್ಲಿ ಚಪ್ಪಾಳೆ ತಟ್ಟಿದಾಗ ಸುಳ್ಳು ಅಲಾರಂ ಬರಬಹುದು, ರದ್ದು ಮಾಡುವುದು ಕಲಿಸಿ. ತಗ್ಗಿನ ಸೋಫಾದಲ್ಲಿ ಧೊಪ್ಪನೆ ಕೂತಾಗಲೂ ಹೊಡೆದುಕೊಂಡರೆ ಅದನ್ನು ತಳ್ಳಿಹಾಕಬೇಡಿ. ತೊಡೆಯ ಬಲ ಸಾಲದೆ ಕೊನೆಯಲ್ಲಿ ದೇಹ ಕುಸಿಯುತ್ತಿರಬಹುದು. ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಎಣಿಸಿ. 75ರಿಂದ 79ರ ಹೆಂಗಸರಿಗೆ 10ಕ್ಕಿಂತ, ಗಂಡಸರಿಗೆ 11ಕ್ಕಿಂತ ಕಡಿಮೆಯಾದರೆ ಕಾಲಿನ ವ್ಯಾಯಾಮ ಶುರುವಾಗಬೇಕು. ವಾಚಿನಿಂದ ಸಿಗುವ ನಿಜವಾದ ಲಾಭ ಇಂಥದ್ದೇ. ಇದಕ್ಕೆ ತಿರುಗುಮುರುಗಾಗಿ, ಗೋಡೆ ಹಿಡಿದು ಮೆಲ್ಲಗೆ ಜಾರಿ ಕುಸಿದರೆ ಹೊಡೆತ ಕಡಿಮೆ, ವಾಚಿಗೆ ಗೊತ್ತಾಗದಿರಬಹುದು. ಹಾಗಾಗಿ ಎಸ್‌ಒಎಸ್ ಬಟನ್ ಎಲ್ಲಿದೆ, ಎಷ್ಟು ಹೊತ್ತು ಒತ್ತಬೇಕು ಎಂಬುದು ಬೆರಳಿಗೆ ರೂಢಿಯಾಗಲಿ.

ದಿನದ ಹೆಜ್ಜೆ, ರಾತ್ರಿ ಏಳುವುದು, ಇವೆರಡರ ಮೊದಲ ಎರಡು ವಾರದ ಸರಾಸರಿಯನ್ನು ಬರೆದಿಡಿ. ಹೆಜ್ಜೆ ಕಾಲುಭಾಗ ಇಳಿದರೆ, ಅಥವಾ ರಾತ್ರಿ ಒಮ್ಮೆ ಏಳುತ್ತಿದ್ದವರು ಮೂರು ಸಲ ಎದ್ದರೆ, ಹೊಸ ಮಾತ್ರೆ ಏನಾದರೂ ಶುರುವಾಗಿದೆಯೇ ನೋಡಿ: ನಿದ್ದೆಯದು, ಬಿಪಿಯದು, ಪ್ರಾಸ್ಟೇಟಿನ ಟ್ಯಾಮ್ಸುಲೋಸಿನ್. ಮೂತ್ರದ ಸೋಂಕೂ ಇರಬಹುದು. ಮಾತ್ರೆ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ತುರ್ತು ಸಂಪರ್ಕದಲ್ಲಿ ಮೊದಲ ಹೆಸರು ವಿದೇಶದಲ್ಲಿರುವ ಮಗನದ್ದಲ್ಲ, ಬೀಗದ ಕೈ ಇರುವ ಪಕ್ಕದ ಮನೆಯವರದ್ದಾಗಲಿ. ಬಾಗಿಲಿಗೆ ಒಳಚಿಲಕ ಹಾಕಿದ್ದರೆ ಬೀಗದ ಕೈಯಿಂದಲೂ ಪ್ರಯೋಜನವಿಲ್ಲ. ಹೊರಗಿನಿಂದಲೂ ತೆಗೆಯಬಹುದಾದ ಲಾಕ್ ಹಾಕಿಸಿ.