ನೀರು ಹಾಕಿದ್ದೇ ತಪ್ಪಾಯಿತು

ಹೋದ ವರ್ಷ ಅಕ್ಟೋಬರ್‌ನ ಒಂದು ರಾತ್ರಿಯ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ಳುತ್ತಿದ್ದೆ. ಈಗಲೂ ಒದ್ದೆ ಗೋಣಿ ತಾಟು ಕಂಡರೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತದೆ.

ನಾನು ಹಳೇ ಕಲ್ಲು ಕಟ್ಟಡಗಳ ರಿಪೇರಿ ಕೆಲಸದಲ್ಲಿದ್ದೇನೆ. ಆಗ ಇದ್ದದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ಚೇಸ್ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಇಡೀ ಕೌಂಟಿಗೆ ಸುಮಾರು 2,600 ಜನ. ಆದರೆ ಕಲ್ಲಿನ ಕೆಲಸ ನೋಡಬೇಕು ನೀವು! ಕಾಟನ್‌ವುಡ್ ಫಾಲ್ಸ್ ಅನ್ನೋ ಪುಟ್ಟ ಊರಿನ ಬೀದಿಯ ತುದಿಯಲ್ಲಿ ಕೆಂಪು ಮಾಡಿನ ಕೋರ್ಟ್‌ಹೌಸ್ ನಿಂತಿದೆ. ಜಾನ್ ಹ್ಯಾಸ್ಕೆಲ್ ಮಾಡಿದ ನಕ್ಷೆ, 1873ರಲ್ಲಿ ಮುಗಿದ ಕಟ್ಟಡ, ಇವತ್ತಿಗೂ ಕೌಂಟಿ ಕಚೇರಿ ಅದರಲ್ಲೇ ನಡೆಯುತ್ತದೆ. ಸ್ವಲ್ಪ ಉತ್ತರಕ್ಕೆ ಹೋದರೆ 1881ರ ಸ್ಪ್ರಿಂಗ್ ಹಿಲ್ ರಾಂಚ್, ಅದರ ಮೂರಂತಸ್ತಿನ ಕಲ್ಲಿನ ಕೊಟ್ಟಿಗೆ. ಅಲ್ಲಿ ಮರ ಕಡಿಮೆ, ನೆಲದ ಕೆಳಗೆ ಪೂರ್ತಿ ಸುಣ್ಣಕಲ್ಲು. ಆ ಕಲ್ಲಿನ ನಡುವೆ ಚಕಮಕಿ ಕಲ್ಲು ಬೇರೆ, ನೇಗಿಲು ಇಳಿಯುವುದಿಲ್ಲ. ಹಾಗಾಗಿ ಜನ ಹುಲ್ಲು ಬಿಟ್ಟುಕೊಂಡು ದನ ಸಾಕಿದರು, ಕಲ್ಲು ಎತ್ತಿ ಮನೆ ಕಟ್ಟಿದರು.

ನಮ್ಮ ಕೆಲಸ ಇದ್ದದ್ದು ಒಂದು ಕುಟುಂಬದ ಕೊಟ್ಟಿಗೆಯಲ್ಲಿ. 1880ರ ದಶಕದ್ದು. ತೊರೆಯ ಪಕ್ಕ, ತಗ್ಗಿನಲ್ಲಿ ಇದೆ. ಯಾವಾಗಲೋ ಯಾರೋ ಹಳೇ ಗಾರೆ ಕೆರೆದು ಸಂದಿಗೆಲ್ಲ ಸಿಮೆಂಟ್ ತುಂಬಿದ್ದರು. ಸಿಮೆಂಟ್ ಸುಣ್ಣದ ಗಾರೆಗಿಂತ ಗಟ್ಟಿ. ಗೋಡೆಯೊಳಗಿನ ತೇವ ಸಂದಿಯಿಂದ ಹೊರಬರಲಾಗದೆ ಕಲ್ಲಿನಿಂದಲೇ ಬರುತ್ತದೆ, ಚಳಿಗಾಲದಲ್ಲಿ ಅಲ್ಲೇ ಹೆಪ್ಪುಗಟ್ಟುತ್ತದೆ, ಕಲ್ಲಿನ ಮುಖ ಪದರ ಪದರವಾಗಿ ಉದುರುತ್ತದೆ. ಆ ಸಿಮೆಂಟ್ ತೆಗೆದು ಮತ್ತೆ ಸುಣ್ಣದ ಗಾರೆ ತುಂಬುವುದು ನಮಗೆ ವಹಿಸಿದ ಕೆಲಸ. ಗ್ರೈಂಡರ್ ಹಾಕಿದರೆ ಕಲ್ಲಿನ ಅಂಚು ಹೋಗುತ್ತದೆ ಅಂತ ಮೇಸ್ತ್ರಿ ಮತ್ತು ಅವರ ಇಬ್ಬರು ಹುಡುಗರು ಎರಡು ವಾರ ಕೂತು ಉಳಿಯಲ್ಲೇ ಕೆತ್ತಿ ತೆಗೆದರು.

ಉತ್ತರದ ಗೋಡೆ ಜೂನ್‌ನಲ್ಲೇ ಆಗಬೇಕಿತ್ತು. ಚಳಿ ಶುರುವಾದ ಮೇಲೆ ಅದಕ್ಕೆ ಬಿಸಿಲೇ ಬೀಳುವುದಿಲ್ಲ, ಅಲ್ವಾ? ಆದರೆ ಅನುದಾನದ ಕಾಗದಪತ್ರ ತಡವಾಯಿತು, ಒಪ್ಪಿಗೆಗೆ ಕಳಿಸಿದ ಸಾಮಗ್ರಿ ವಿವರ ಎರಡು ಸಲ ವಾಪಸ್ ಬಂತು, ಮಾದರಿಗೆ ಅಂತ ಮಾಡಿ ತೋರಿಸಿದ ತುಂಡಿಗೆ ಒಪ್ಪಿಗೆ ಸಿಕ್ಕಾಗ ಆಗಸ್ಟ್ ಕೊನೆ. ಏಪ್ರಿಲ್‌ನಲ್ಲಿ ಮಾಡಿದ ಶೆಡ್ಯೂಲನ್ನು ನಮ್ಮ ಕಚೇರಿಯಲ್ಲಿ ಯಾರೂ ಮುಟ್ಟಲಿಲ್ಲ. ವರ್ಷ ಮುಗಿಯುವುದರೊಳಗೆ ಬಿಲ್ ಆಗಬೇಕು ಅನ್ನುವುದೊಂದೇ ಮಾತು. ಇದು ನನಗೆ ಈಗಲೂ ಕೋಪ ಬರಿಸುತ್ತದೆ. ಸುಣ್ಣಕ್ಕೆ ಬಿಲ್ಲಿನ ತಾರೀಕು ಗೊತ್ತಾಗುವುದಿಲ್ಲ. ಆದರೆ ಆ ರಾತ್ರಿ ಆಗಿದ್ದಕ್ಕೆ ಶೆಡ್ಯೂಲ್ ಕಾರಣ ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. ಕಾರಣ ನಾನು.

ನನಗೆ ಸುಣ್ಣ ಗೊತ್ತು ಅನ್ನೋ ಧೈರ್ಯ ಜಾಸ್ತಿ ಇತ್ತು. ಹಾಸನದ ಕಡೆ ತಾತನ ಮನೆಯ ತಾರಸಿಗೆ ಗಾರೆ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಬೆಲ್ಲದ ನೀರು ಬೆರೆಸಿದ ವಾಸನೆ, ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಲ್ಲಿ ಬಡಿಯುತ್ತಿದ್ದ ಸದ್ದು, ಆಮೇಲೆ ಇಪ್ಪತ್ತೊಂದು ದಿನ ಕಟ್ಟಿದ ನೀರು. ಗಾರೆ ಒಣಗಬಾರದು, ಹದವಾಗಬೇಕು ಅಂತ ತಾತ ಹೇಳುತ್ತಿದ್ದರು. ಓದಿನಲ್ಲೂ ಅದನ್ನೇ ಕಲಿತೆ. ಸುಣ್ಣ ನಿಧಾನವಾಗಿ ಗಾಳಿ ಎಳೆದುಕೊಂಡು ಗಟ್ಟಿಯಾಗುತ್ತದೆ, ಅಲ್ಲಿಯವರೆಗೆ ತೇವ ಬೇಕು. ಇದರಲ್ಲಿ ಒಂದಕ್ಷರವೂ ತಪ್ಪಿಲ್ಲ.

ಕೊನೆಗೆ ಉತ್ತರದ ಗೋಡೆಗೆ ಹೊಸ ಗಾರೆ ತುಂಬಿದ್ದು ಅಕ್ಟೋಬರ್‌ನಲ್ಲಿ. ಆ ದಿನ ಮಧ್ಯಾಹ್ನ ಮೇಸ್ತ್ರಿ ಕೈ ತೊಳೆಯುತ್ತಾ, "ಮಧ್ಯಾಹ್ನ ಎರಡು ಗಂಟೆ ಆದ ಮೇಲೆ ಈ ಗೋಡೆಗೆ ನೀರು ಬೇಡ, ಸುಮ್ನೆ ಒಣ ತಾರ್ಪಾಲ್ ಬಿಡಿ" ಅಂದರು. ಅವರು ಆ ತೊರೆಯ ಪಕ್ಕದಲ್ಲೇ ಹುಟ್ಟಿ ಬೆಳೆದವರು. ನಾನು ಫೋನ್ ತೆಗೆದು ತೋರಿಸಿದೆ. ರಾತ್ರಿ ಅತಿ ಕಡಿಮೆ ಅಂದರೆ 36 ಡಿಗ್ರಿ ಫ್ಯಾರನ್‌ಹೀಟ್, ಹೆಪ್ಪುಗಟ್ಟುವ 32ಕ್ಕಿಂತ ನಾಲ್ಕು ಡಿಗ್ರಿ ಮೇಲೆ. ಹೊಸ ಗಾರೆ ಇದ್ದರೆ 40ಕ್ಕಿಂತ ಕೆಳಗೆ ಹೋಗಬಾರದು ಅಂತ ನಮ್ಮದೇ ಸ್ಪೆಕ್‌ನಲ್ಲಿ, ಅಂದರೆ ಕೆಲಸದ ನಿಯಮಪಟ್ಟಿಯಲ್ಲಿ, ಬರೆದಿದೆ. ಅದನ್ನು ಬರೆದವರಲ್ಲಿ ನಾನೂ ಒಬ್ಬ. ಆದರೂ ಗಾಳಿಗೆ ಗಾರೆ ಬೇಗ ಒಣಗಿ ಬಿರುಕು ಬಿಟ್ಟೀತು ಅನ್ನೋ ಹೆದರಿಕೆ ನನ್ನ ತಲೆ ತುಂಬ ಇತ್ತು. ಅವರು ಮತ್ತೆ ಏನೂ ಹೇಳಲಿಲ್ಲ. ಸಂಜೆ ಐದಕ್ಕೆ ಎಲ್ಲರೂ ಹೋದ ಮೇಲೆ ನಾನೊಬ್ಬನೇ ಗೋಡೆಗೆ ಚೆನ್ನಾಗಿ ನೀರು ಸಿಂಪಡಿಸಿದೆ, ಗೋಣಿ ತಾಟು ನೆನೆಸಿ ಉದ್ದಕ್ಕೂ ಇಳಿಬಿಟ್ಟೆ. ಮೇಲಿನ ಮೂರಡಿಗೆ ನೀರೂ ಎಟುಕಲಿಲ್ಲ, ತಾಟೂ ಸಾಲಲಿಲ್ಲ, ಅದನ್ನು ಹಾಗೇ ಬಿಟ್ಟೆ.

ನಾನು ಉಳಿದುಕೊಂಡಿದ್ದು ಎಂಪೋರಿಯಾದಲ್ಲಿ, ಕೆಲಸದ ಜಾಗದಿಂದ ಇಪ್ಪತ್ತು ಮೈಲಿಗೂ ಮೇಲೆ. ಫೋನ್ ತೋರಿಸಿದ 36 ಕೂಡ ಎಂಪೋರಿಯಾದ್ದೇ. ಅದು ನನಗೆ ಹೊಳೆದದ್ದು ರಾತ್ರಿ ಹತ್ತೂವರೆಗೆ, ಊಟ ಮುಗಿಸಿ ಹೊರಗೆ ನಿಂತಾಗ. ಗಾಳಿ ಪೂರ್ತಿ ನಿಂತುಹೋಗಿತ್ತು. ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ. ಇಂಥ ರಾತ್ರಿ ಚಳಿ ನೀರಿನ ಹಾಗೆ ತಗ್ಗಿಗೆ ಇಳಿದು ನಿಲ್ಲುತ್ತದೆ. ನಮ್ಮ ಕೊಟ್ಟಿಗೆ ಇದ್ದದ್ದು ತಗ್ಗಿನಲ್ಲೇ.

ಕಾರು ಹತ್ತಿದೆ. ಹೆದ್ದಾರಿಯಲ್ಲಿ ಡ್ಯಾಶ್‌ಬೋರ್ಡ್ 37 ತೋರಿಸುತ್ತಿತ್ತು, ಸ್ವಲ್ಪ ಸಮಾಧಾನ ಆಯಿತು. ಸ್ಟ್ರಾಂಗ್ ಸಿಟಿಯಲ್ಲಿ ಎಡಕ್ಕೆ ತಿರುಗಿ ನದಿ ದಾಟುವಾಗ 33. ಕೋರ್ಟ್‌ಹೌಸ್ ದಾಟಿ ಜಲ್ಲಿ ರಸ್ತೆಗೆ ಇಳಿದ ಮೇಲೆ ಒಂದೊಂದು ತಿರುವಿಗೂ ಒಂದೊಂದು ಡಿಗ್ರಿ ಇಳಿಯುತ್ತಿತ್ತು, ನಾನು ರಸ್ತೆ ನೋಡುವುದು ಬಿಟ್ಟು ಅದನ್ನೇ ನೋಡುತ್ತಿದ್ದೆ. ಕೊಟ್ಟಿಗೆಯ ಮುಂದೆ ನಿಲ್ಲಿಸಿದಾಗ 27.

ಟಾರ್ಚ್ ಬಿಟ್ಟು ನೋಡಿದೆ. ಗೋಣಿ ತಾಟು ಹಪ್ಪಳದ ಹಾಗೆ ಸೆಟೆದು ನಿಂತಿತ್ತು. ತುದಿ ಹಿಡಿದು ಮೆಲ್ಲಗೆ ಎಳೆದೆ, ಬರಲಿಲ್ಲ. ಗಾರೆಗೆ ಅಂಟಿಕೊಂಡು ಹೆಪ್ಪುಗಟ್ಟಿತ್ತು. ಎಳೆದರೆ ಗಾರೆಯೂ ಬರುತ್ತದೆ. ಬಿಟ್ಟರೆ ಇಡೀ ರಾತ್ರಿ ಐಸ್ ಗಾರೆಯ ಮೇಲೇ ಕೂತಿರುತ್ತದೆ. ಎಷ್ಟು ಹೊತ್ತು ಆ ತುದಿ ಹಿಡಿದು ನಿಂತಿದ್ದೆನೋ ಗೊತ್ತಿಲ್ಲ, ಬೆರಳು ಮರಗಟ್ಟಿತ್ತು. ಅಲ್ಲಿ ಸಿಗ್ನಲ್ ಬರುವುದಿಲ್ಲ. ಗುಡ್ಡ ಹತ್ತಿ ಮೇಸ್ತ್ರಿಗೆ ಫೋನ್ ಮಾಡಿದೆ. ಮಧ್ಯರಾತ್ರಿ ಆಗಿತ್ತು. ನಾನು ವಿವರಿಸಲು ಶುರು ಮಾಡಿದ್ದೆ ಅಷ್ಟೇ, "ಎಳೆಯಬೇಡಿ, ಬಂದೆ" ಅಂದರು.

ಅರ್ಧ ಗಂಟೆಯಲ್ಲಿ ಬಂದರು. ಪಿಕಪ್ ತುಂಬಾ ಹುಲ್ಲಿನ ಕಂತೆ, ದಪ್ಪ ತಾರ್ಪಾಲ್, ಒಂದು ಹೀಟರ್. ಗೋಡೆಗೆ ನೇರ ಬಿಸಿ ತಾಗಬಾರದು ಅಂತ ಹೀಟರನ್ನು ದೂರ ಇಟ್ಟು, ತಾರ್ಪಾಲ್ ಕಟ್ಟಿ, ಕೆಳಗೆ ಹುಲ್ಲು ಒಟ್ಟಿ ಬೆಳಗಿನವರೆಗೂ ಇಬ್ಬರೂ ಕಾದೆವು. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ನಡುವೆ ಒಂದು ಸಲ ಎದುರಿನ ಗುಡ್ಡದ ಕಲ್ಲು ಬೇಲಿ ತೋರಿಸಿದರು. 1867ರಲ್ಲಿ ದನಗಳನ್ನು ಬಯಲಿಗೆ ಬಿಡುವುದನ್ನು ನಿಲ್ಲಿಸಿ, ಕಲ್ಲು ಬೇಲಿ ಕಟ್ಟಿದವರಿಗೆ ಹದಿನಾರೂವರೆ ಅಡಿಗೆ 40 ಸೆಂಟ್ ಕೊಡುವ ಕಾನೂನು ಬಂದಿತ್ತು, ಆಗ ಶುರುವಾದ ಬೇಲಿಗಳು ಅವು. ಗಾರೆಯೇ ಇಲ್ಲ, ಬರೀ ಜೋಡಿಸಿದ ಕಲ್ಲು. "ಅದರಲ್ಲಿ ನೀರು ನಿಲ್ಲುವುದಿಲ್ಲ, ಅದಕ್ಕೇ ಇನ್ನೂ ನಿಂತಿದೆ" ಅಂದರು.

ಬೆಳಿಗ್ಗೆ ತಾಟು ತಾನಾಗಿ ಬಿಟ್ಟುಕೊಂಡಿತು. ಮೇಸ್ತ್ರಿ ಉಗುರಿನಲ್ಲಿ ಸಂದಿ ಕೆರೆದರು. ಗಾರೆ ಅಕ್ಕಿ ಹಿಟ್ಟಿನ ಹಾಗೆ ಉದುರಿತು. ಇನ್ನೊಂದು ಕಡೆ, ಮತ್ತೊಂದು ಕಡೆ, ಎಲ್ಲ ಕಡೆ ಅದೇ. ಏಣಿ ಹತ್ತಿ ಮೇಲಿನ ಮೂರಡಿ ನೋಡಿದರು, ನಾನು ನೀರು ಹಾಕದೆ ಬಿಟ್ಟ ಜಾಗ. ಅಲ್ಲಿ ಉಗುರು ಇಳಿಯಲಿಲ್ಲ.

ರಿಪೋರ್ಟ್ ಬರೆಯುವಾಗ ಹವಾಮಾನ ಕಾರಣ ಅಂತ ಬರೆಯಲು ಕಚೇರಿಯವರು ಹೇಳಿದರು. ನಾನು ಒಪ್ಪಲಿಲ್ಲ. ಮೇಸ್ತ್ರಿ ಏನು ಹೇಳಿದ್ದರು, ನಾನು ಏನು ಮಾಡಿದೆ, ಎರಡನ್ನೂ ಬರೆದೆ. ಇಲ್ಲದಿದ್ದರೆ ಮತ್ತೆ ಮಾಡುವ ಕೂಲಿ ಮೇಸ್ತ್ರಿಯ ತಲೆಗೇ ಬರುತ್ತಿತ್ತು. ಈಗ ನಾನು ಹೋದ ಕಡೆಯೆಲ್ಲ ಗೋಡೆಯ ಬುಡದಲ್ಲೇ ಒಂದು ಥರ್ಮಾಮೀಟರ್ ಕಟ್ಟುತ್ತೇನೆ, ಫೋನ್ ನೋಡುವುದಿಲ್ಲ. ಮತ್ತೆ ಆ ಊರಿನವರು ಯಾರಾದರೂ ಬೇಡ ಅಂದರೆ ಯಾಕೆ ಅಂತ ಕೇಳುತ್ತೇನೆ. ಅವತ್ತು ನಾನು ಅದನ್ನೇ ಕೇಳಿರಲಿಲ್ಲ.

ಈ ವರ್ಷ ಜೂನ್‌ನಲ್ಲಿ ಗೋಡೆ ಮತ್ತೆ ತುಂಬಿದೆವು. ಚೆನ್ನಾಗಿ ಬಂದಿದೆ, ದಿನಾ ನೀರೂ ಹಾಕಿದೆವು. ಆದರೆ ಕೆಳಗಿಂದ ನಾಲ್ಕನೇ ಸಾಲಿನಲ್ಲಿ ಎರಡು ಕಲ್ಲುಗಳ ಮುಖ ಆ ರಾತ್ರಿಯೇ ಪದರ ಬಿಟ್ಟು ಬಿದ್ದಿತ್ತು. ಕಲ್ಲಿಗೆ ನೀರು ಕುಡಿಸಿದ್ದು ನಾನೇ ತಾನೇ. ಸುತ್ತಲಿನ ಎಲ್ಲ ಕಲ್ಲಿನ ಮೇಲೂ 1880ರ ದಶಕದ ಕಲ್ಲುಕುಟಿಗರ ಉಳಿ ಗೀರು ಸಾಲಾಗಿ ಕಾಣುತ್ತದೆ. ಆ ಎರಡರ ಮೇಲೆ ಏನೂ ಇಲ್ಲ, ನುಣ್ಣಗಿದೆ.